ಒಂದು ಹನಿಯೂ ಸೋರದು

ವಿಸ್ಕಾನ್ಸಿನ್‌ನ ಸರೋವರದ ದಂಡೆಯಲ್ಲಿ, ಎವೆರೆಟ್ ಸ್ಟ್ರೌಡ್ ಎಂಬ ಮಹಾನ್ ವಾಸ್ತುಶಿಲ್ಪಿ ಕಟ್ಟಿದ ಮನೆಯಲ್ಲಿ ಆಲ್ಡನ್ ಬ್ರೆಕಿ ದಂಪತಿ ವಾಸವಾಗಿದ್ದರು. ವಾಸ ಎನ್ನುವುದಕ್ಕಿಂತ ಕಾವಲು ಎಂದರೆ ಸರಿ. ಚಪ್ಪಟೆ ತಾರಸಿ ಮೊದಲಿನಿಂದಲೂ ಸೋರುತ್ತಿತ್ತು. ಇಳಿಜಾರು ಮಾಡು ಹಾಕಿಸೋಣವೆಂದು ಹೆಂಡತಿ ಲೋರೇನ್ ಗೋಗರೆದರೆ ಆಲ್ಡನ್ ಕಿವಿ ಮುಚ್ಚಿಕೊಳ್ಳುತ್ತಿದ್ದ. ಮಹಾತ್ಮ ಎಳೆದ ಗೆರೆ ಅಳಿಸಿದ ಪಾಪ ಯಾರಿಗೆ ಬೇಕು?

ಅವನಿಗೆ ಹುಚ್ಚು ಒಂದೇ, ಸ್ಟ್ರೌಡ್ ಸಹಿ ಮಾಡಿದ ಪತ್ರಗಳನ್ನು ಕೂಡಿಡುವುದು. ದರ್ಜಿಗೆ ಬರೆದದ್ದು, ಹಾಲಿನವನಿಗೆ ಬೈದದ್ದು, ಎಲ್ಲ ಇದ್ದವು. ಎಲ್ಲಕ್ಕೂ ಕಿರೀಟವೆಂದರೆ ಈ ಮನೆಯ ಮೊದಲ ಯಜಮಾನನಿಗೆ ಟೈಪ್ ಮಾಡಿಸಿ ಕಳಿಸಿದ್ದು: "ನನ್ನ ತಾರಸಿ ಒಂದು ಹನಿಯೂ ಸೋರದು. ಇದು ನನ್ನ ಮಾತು." ಕೆಳಗೆ ಫೌಂಟನ್ ಪೆನ್ನಿನ ನೀಲಿ ಶಾಯಿಯಲ್ಲಿ ಉದ್ದ ಬಾಲದ ಸಹಿ.

ಆ ಸಹಿಯನ್ನು ಪರೀಕ್ಷಿಸಲು ಅಂದು ವಸ್ತುಸಂಗ್ರಹಾಲಯದಿಂದ ಮಿಸ್ ಹಾಲ್ವರ್ಸನ್ ಬರುವವಳಿದ್ದಳು. ಆಕೆ ಹೂಂ ಎಂದರೆ ಪತ್ರಗಳಿಗೆ ಅಲ್ಲೊಂದು ಕೋಣೆ, ಕೋಣೆಯ ಬಾಗಿಲಿಗೆ ಆಲ್ಡನ್ ಹೆಸರು. ಮಕ್ಕಳಿಲ್ಲದ ಅವನಿಗೆ ಹೆಸರು ಉಳಿಯುವ ದಾರಿ ಅದೊಂದೇ. ಪತ್ರವನ್ನು ಚೌಕಟ್ಟಿನಿಂದ ಬಿಡಿಸಿ ಊಟದ ಮೇಜಿನ ಮೇಲಿಟ್ಟ. ಮೇಜೂ ಸ್ಟ್ರೌಡ್‌ನದೇ. ಯಾರೂ ಜರುಗಿಸಬಾರದೆಂದು ಆತ ಅದನ್ನು ನೆಲಕ್ಕೆ ಬೋಲ್ಟು ಹಾಕಿಸಿದ್ದ.

"ಅಲ್ಲಿಡಬೇಡ್ವೋ, ಮೋಡ ಕಟ್ಟಿದೆ," ಎಂದಳು ಲೋರೇನ್.

"ಸುಮ್ನಿರೆ. ಈ ಮೇಜಿನ ಮೇಲೆ ಯಾವತ್ತೂ ಸೋರಿಲ್ಲ."

"ಸೋರೋಕೆ ನಿನ್ನ ಅಪ್ಪಣೆ ಬೇಕಾ? ಒಂದು ಬಕೆಟ್ಟಾದ್ರೂ ತರ್ತೀನಿ."

"ಬಂದವರ ಎದುರಿಗೆ ಬಕೆಟ್ಟಾ? ಮಾನ ಹೋಗುತ್ತೆ!"

ಮಳೆ ಸುರಿಯತೊಡಗಿತು. ಲೋರೇನ್ ಮಲಗುವ ಕೋಣೆಯ ಸೋರಿಕೆಗೆ ಬಕೆಟ್ ಇಡಲು ಹೋದಳು. ಕಾರಿನ ಸದ್ದು ಕೇಳಿ ಆಲ್ಡನ್ ಕೊಡೆ ಹಿಡಿದು ಓಡಿದ. ಅತಿಥಿಯನ್ನು ಕರೆತರುವಷ್ಟರಲ್ಲಿ ನೀರು ಹೊಸ ದಾರಿ ಹುಡುಕಿಕೊಂಡಿತ್ತು. ನೇರ ಪತ್ರದ ಮೇಲೆಯೇ ಟಪ್ ಟಪ್ ಎಂದು ಬೀಳುತ್ತಿತ್ತು.

ಮಿಸ್ ಹಾಲ್ವರ್ಸನ್ ಭೂತಗನ್ನಡಿ ಹಿಡಿದು ಬಗ್ಗಿದಳು. ಟೈಪಿನ ಅಕ್ಷರ ಒಂದೂ ಕದಲಿರಲಿಲ್ಲ. ಸಹಿ ಮಾತ್ರ ನೀಲಿ ನೀರಾಗಿ ಮೇಜಿನ ಅಂಚಿಗೆ ಹರಿಯುತ್ತಿತ್ತು.

"ಮಾತೇನೋ ಸ್ಪಷ್ಟವಾಗಿದೆ," ಎಂದಳು. "ಸಹಿನೇ ಇಲ್ವಲ್ಲ, ಮಿಸ್ಟರ್ ಬ್ರೆಕಿ."

ಆಲ್ಡನ್ ಕುಸಿದು ಕುಳಿತ. ಇನ್ನೊಂದು ಬಕೆಟ್ ಹಿಡಿದು ಬಂದ ಲೋರೇನ್‌ಗೆ ನಗು ಬಂತು, ಗಂಡನ ಮುಖ ನೋಡಿ ನುಂಗಿಕೊಂಡಳು. ಅವನ ಹೆಗಲ ಮೇಲೆ ಕೈಯಿಟ್ಟಳು.

"ಬಿಡೋ. ಕೊಟ್ಟ ಮಾತಿಂದ ಕೊನೆಗೂ ಕೈ ತೊಳ್ಕೊಂಡ ನಿನ್ನ ಪುಣ್ಯಾತ್ಮ ಸ್ಟ್ರೌಡ್."

ಆಲ್ಡನ್ ಸೋರುವ ತಾರಸಿಯತ್ತ ತಲೆಯೆತ್ತಿದ. "ನಾಳೆ ಮಾಡು ಹಾಕೋರನ್ನ ಕರೆಸು."

ಮಿಸ್ ಹಾಲ್ವರ್ಸನ್ ಬೆಚ್ಚಿಬಿದ್ದಳು. "ಅಯ್ಯೋ, ಸ್ಟ್ರೌಡ್ ಎಳೆದ ಗೆರೇನ ಮುಟ್ತೀರಾ? ಪಾಪ ಅಲ್ವಾ?"

ಆಲ್ಡನ್ ಎದ್ದು, ಹೆಂಡತಿಯ ಕೈಯಲ್ಲಿದ್ದ ಬಕೆಟ್ಟನ್ನು ತೆಗೆದುಕೊಂಡು ಮಿಸ್ ಹಾಲ್ವರ್ಸನ್ ಕೈಗೆ ಕೊಟ್ಟ.