ಡೆನ್ನಿ ಓರ್ಲಿಕ್‌ನ ಎರಡು ಕಾರ್ಡು

ಈರಿ ಪಟ್ಟಣದ ಪೋಲಿಷ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಆ ಶನಿವಾರ ಮಧ್ಯಾಹ್ನ ಪಿರೋಗಿ ಕಡುಬು ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ದಾಳ ಉರುಳಿಸಿ, ನಿಜವಾದ ಆಟಗಾರರ ವರ್ಷದ ಲೆಕ್ಕ ಅಚ್ಚಾದ ಕಾರ್ಡುಗಳಲ್ಲಿ ಬೇಸ್‌ಬಾಲ್ ಆಡುವ ಎಂಟು ಕುರ್ಚಿಯ ಕೂಟ ಅದು. ವರ್ಷದ ಕೊನೆಗೆ ತಳದಲ್ಲಿ ಉಳಿದವರು ಕುರ್ಚಿ ಬಿಟ್ಟು ಏಳಬೇಕು, ಮುಲಾಜಿಲ್ಲ. ತಳದ ಇಬ್ಬರ ನಡುವಿನ ಈ ಕೊನೆಯ ಆಟದಲ್ಲಿ ಸೋತವರು ಏಳುವವರು. ಮೇಜಿನ ಈಚೆ ಬರ್ನಿಸ್, ಆಚೆ ಚೆಟ್.

ಕುರ್ಚಿ ನಿಜಕ್ಕೂ ಬರ್ನಿಸಳ ಗಂಡ ಸ್ಟ್ಯಾನ್‌ನದು. ಲಕ್ವ ಹೊಡೆದಾಗಿನಿಂದ ಅವನ ಬಲಗೈ ಏಳುವುದಿಲ್ಲ, ಮಾತು ಒಂದೊಂದೇ ಪದ, ನಗು ಅಂತೂ ಇಲ್ಲವೇ ಇಲ್ಲ. ಶನಿವಾರ ಅವನ ಬದಲು ಆಡಿ ಅವಳು ಮನೆಗೆ ಬಂದು ಬಿದ್ದ ಗರಗಳನ್ನೆಲ್ಲ ಹೇಳುವಾಗ ಮಾತ್ರ ಅವನ ಕಣ್ಣಿಗೆ ಜೀವ ಬರುತ್ತಿತ್ತು. ಈ ಕುರ್ಚಿಯೂ ಹೋದರೆ ಅವನಿಗೆ ಇನ್ನೇನು ಉಳಿಯುತ್ತದೆ?

ಡೆನ್ನಿ ಓರ್ಲಿಕ್ ಎಂಬ ಆಟಗಾರನ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಕಾರ್ಡಿನಲ್ಲಿರುವ ವರ್ಷ ಜುಲೈವರೆಗೆ ಅವನು ಒಂದು ತಂಡದಲ್ಲಿದ್ದ. ಬ್ಯಾಟು ಹಿಡಿದರೆ ದಂಡಪಿಂಡ, ಎಡ ಮೈದಾನದಲ್ಲಿ ಕಾವಲು ನಿಂತರೆ ಮಾತ್ರ ಚೆಂಡು ಕೆಳಗೆ ಬೀಳಲು ಬಿಡದವನು. ನಡುವರ್ಷದಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಟ್ಟರು. ಅಲ್ಲಿ ಮಂಡಿ ಕೆಟ್ಟು ಓಡಲಾರದಾದ, ಆದರೆ ಬ್ಯಾಟು ಬೆಂಕಿಯಾಯಿತು. ಕೆಲವು ಕಂಪನಿಗಳು ಇಂಥವರ ಲೆಕ್ಕವನ್ನೆಲ್ಲ ಕಲಸಿ ಒಂದೇ ಕಾರ್ಡು ಮಾಡುತ್ತವೆ. ಈ ಆಟದ ಕಂಪನಿ ತಂಡಕ್ಕೊಂದರಂತೆ ಎರಡು ಅಚ್ಚು ಹಾಕಿತ್ತು. ಬೆಂಕಿಯಂಥ ಓರ್ಲಿಕ್‌ನನ್ನು ಚೆಟ್ ಬಾಚಿಕೊಂಡ. ಯಾರಿಗೂ ಬೇಡವಾದ ಮೊದಲಿನ ಓರ್ಲಿಕ್‌ನನ್ನು ಸ್ಟ್ಯಾನ್ ಆರಿಸಿಕೊಂಡು ಎಲ್ಲರ ನಗೆಗೂ ಗುರಿಯಾಗಿದ್ದ.

ಎಂಟನೆಯ ಸರದಿಯಲ್ಲಿ ಬರ್ನಿಸಳ ಓರ್ಲಿಕ್ ಬ್ಯಾಟು ಹಿಡಿಯಬೇಕಾಗಿ ಬಂತು.

“ಅವನನ್ನ ಕೂರಿಸಿ ಬೇರೆಯವರನ್ನ ಕಳಿಸು ತಾಯಿ,” ಎಂದ ಚೆಟ್. “ನನ್ನ ಅಜ್ಜಿ ಇವನಿಗಿಂತ ಚೆನ್ನಾಗಿ ಹೊಡೀತಿದ್ಲು.”

“ನಿನ್ನ ಅಜ್ಜಿ ಕಾರ್ಡು ಸಿಗಲಿಲ್ಲ, ಏನ್ಮಾಡ್ಲಿ?” ಎಂದಳು ಅವಳು. ಬೆಳಿಗ್ಗೆ ಸ್ಟ್ಯಾನ್ ಕಷ್ಟಪಟ್ಟು ಎರಡೇ ಪದ ಹೇಳಿದ್ದ: ಡೆನ್ನಿ ಇರ್ಲಿ. ಒಮ್ಮೆ ಕೂರಿಸಿದವನನ್ನು ಮತ್ತೆ ಮೈದಾನಕ್ಕೆ ಇಳಿಸುವಂತಿಲ್ಲ. ಅವಳು ಡೆನ್ನಿಯನ್ನೇ ಆಡಿಸಿದಳು, ಅವನು ಔಟಾದ. ಸುತ್ತ ಕೂತವರು ತಲೆ ಚಚ್ಚಿಕೊಂಡರು.

ಕೊನೆಯ ಸರದಿ. ಬರ್ನಿಸ್ ಒಂದು ರನ್ ಮುಂದಿದ್ದಳು. ಚೆಟ್‌ನ ಕಡೆ ಇಬ್ಬರು ಔಟಾಗಿ, ಮತ್ತಿಬ್ಬರು ಬೇಸ್‌ಗಳಲ್ಲಿ ಓಡಲು ತಯಾರಾಗಿ ನಿಂತಿದ್ದರು. ಬ್ಯಾಟಿಗೆ ಬಂದವನು ಚೆಟ್‌ನ ಓರ್ಲಿಕ್. ಚೆಟ್ ದಾಳ ಹಾಕಿದ. ಚೆಂಡು ಎತ್ತರಕ್ಕೆ ಹೋಗಿ ಎಡ ಮೈದಾನದ ಕಡೆ ತಿರುಗಿತು ಎಂದಿತು ಗರಗಳ ಫಲ ಬರೆದ ಪಟ್ಟಿ. ಅಲ್ಲಿ ಕಾಯುತ್ತಿದ್ದವನು ಬರ್ನಿಸಳ ಓರ್ಲಿಕ್.

“ಹೊಡೆದವನೂ ಅವನೇ, ಹಿಡಿಯೋನೂ ಅವನೇ,” ಎಂದು ಯಾರೋ ಗೊಣಗಿದರು. ಯಾರೂ ನಗಲಿಲ್ಲ.

ಈಗ ಬರ್ನಿಸ್ ಇಪ್ಪತ್ತು ಮುಖದ ದಾಳ ಹಾಕಬೇಕು. ಒಂದರಿಂದ ಹತ್ತೊಂಬತ್ತರವರೆಗೆ ಏನು ಬಿದ್ದರೂ ಕ್ಯಾಚು, ಮೂರನೆಯವನೂ ಔಟು, ಆಟ ಮುಗಿದು ಕುರ್ಚಿ ಉಳಿಯಿತು. ಇಪ್ಪತ್ತು ಬಿದ್ದರೆ ಚೆಂಡು ಕೈ ಜಾರಿ ಇಬ್ಬರೂ ಓಡಿ ಎರಡು ರನ್ ಮುಗಿಸುತ್ತಾರೆ, ಕುರ್ಚಿ ಹೋಯಿತು. ಅವಳು ದಾಳ ಎಸೆದಳು. ದಾಳ ಉರುಳಿ, ತಟ್ಟೆಯ ಅಂಚಿಗೆ ತಾಗಿ ನಿಂತಿತು.

ಇಪ್ಪತ್ತು.

ಗೆದ್ದ ಚೆಟ್‌ನ ಮುಖವೇ ಮೊದಲು ಬಾಡಿತು. ವಾಲಿ ನಿಂತ ದಾಳವನ್ನು ಮತ್ತೆ ಹಾಕಬಹುದು, ಅದು ಕೂಟದ ಕಟ್ಟಳೆ.

“ವಾಲಿದೆ ಅಲ್ವಾ?” ಎಂದ ಮೆಲ್ಲಗೆ. “ವಾಲಿದೆ ಅನ್ನು ಬರ್ನಿಸ್. ಇನ್ನೊಂದ್ಸಲ ಹಾಕು.”

ಅವಳು ಬಗ್ಗಿ ನೋಡಿದಳು. ಹೂಂ ಎಂದರೆ ಸಾಕಿತ್ತು, ಯಾರೂ ಚಕಾರ ಎತ್ತುತ್ತಿರಲಿಲ್ಲ. ಆದರೆ ಮನೆಗೆ ಹೋಗಿ ಪ್ರತಿ ಗರವನ್ನೂ ಹೇಳಬೇಕಿತ್ತು.

“ಇಲ್ಲ ಕಣೋ. ನೆಟ್ಟಗೇ ಕೂತಿದೆ,” ಎಂದು ಎದ್ದಳು.

ಅವಳು ಕೋಟು ಹಾಕಿಕೊಳ್ಳುವಾಗ ಚೆಟ್ ತನ್ನ ಓರ್ಲಿಕ್ ಕಾರ್ಡನ್ನು ಅವಳ ಕೈಗೆ ತುರುಕಿದ. “ವರ್ಷ ಮುಗೀತಲ್ಲ. ಸ್ಟ್ಯಾನ್‌ಗೆ ಕೊಡು.”

ಅಡುಗೆಮನೆಯ ಮೇಜಿನ ಮುಂದೆ ಸ್ಟ್ಯಾನ್ ಕಾಯುತ್ತಿದ್ದ. ಅವಳು ಕೋಟೂ ತೆಗೆಯದೆ ಹೇಳಿದಳು. “ಡೆನ್ನಿ ಹೊಡೆದ. ಡೆನ್ನಿನೇ ಕೈಬಿಟ್ಟ. ಇಪ್ಪತ್ತು ಬಿತ್ತು.”

“ವಾಲಿತ್ತಾ?”

“ಇಲ್ಲ. ವಾಲಿದೆ ಅನ್ನು ಅಂತ ಚೆಟ್ ಗೋಗರೆದ.”

ಸ್ಟ್ಯಾನ್‌ನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಎದೆ ಕುಲುಕಿತು. ನೋವೇನೋ ಎಂದು ಅವಳು ಹೆದರಿ ಹತ್ತಿರ ಹೋದರೆ, ಅವನು ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಬರೋ ಶನಿವಾರ... ಯಾರ ಜತೆ?” ಎಂದ ಆಮೇಲೆ.

“ಯಾರ ಜತೆನೂ ಇಲ್ಲ ಕಣೋ. ಕುರ್ಚಿ ಹೋಯ್ತು. ನನ್ನ ಕೈಯಿಂದಲೇ ಹೋಯ್ತು.” ಅವಳು ಓರ್ಲಿಕ್‌ನ ಎರಡೂ ಕಾರ್ಡುಗಳನ್ನೂ ದಾಳವನ್ನೂ ಮೇಜಿನ ಮೇಲಿಟ್ಟಳು.

ಅವನು ಎಡಗೈಯಿಂದ ಇಬ್ಬರು ಓರ್ಲಿಕ್‌ರನ್ನೂ ಹತ್ತಿರ ಎಳೆದುಕೊಂಡ. ಬೆಂಕಿಯಂಥವನನ್ನು ಅವಳ ಕಡೆ ತಳ್ಳಿದ. ಬೇಡವಾದವನನ್ನು ತನ್ನ ಮುಂದಿಟ್ಟುಕೊಂಡ.

“ಕೂತ್ಕೋ,” ಎಂದು ದಾಳಕ್ಕೆ ಎಡಗೈ ಚಾಚಿದ.