ಕಿರುಬೆರಳಿನ ಬಿಸಿಸುದ್ದಿ

ನಾನು ಒಂದು ನರಕೋಶ. ಸಂಗವ್ವನ ಬಲಗೈಯ ಕಿರುಬೆರಳಿಗೆ ತಗುಲಿದ ಬಿಸಿಯನ್ನು ತಿಳಿಸುವುದು ನನ್ನ ಧರ್ಮ. ಅವಳು ತಾಯಿಯ ಗರ್ಭದಲ್ಲಿದ್ದಾಗಲೇ ಹುಟ್ಟಿದವನು ನಾನು. ನನ್ನ ಕೋಶಕಾಯವಿರುವುದು ಕುತ್ತಿಗೆಯ ಬುಡದಲ್ಲಿ, ಬೆನ್ನುಹುರಿಯ ಪಕ್ಕದಲ್ಲಿ. ಅದರಿಂದ ಹೊರಟ ಒಂದೇ ಎಳೆ ಕವಲೊಡೆದು, ಒಂದು ಕವಲು ಬೆರಳಿಗೂ ಇನ್ನೊಂದು ಬೆನ್ನುಹುರಿಗೂ ಚಾಚಿದೆ. ಎಳೆಯ ಮೇಲೆ ತೆಳುವಾದ ಹೊದಿಕೆಯಿದೆ. ನನ್ನಂಥವರನ್ನು ಸಂವೇದನಾ ನರಕೋಶಗಳೆನ್ನುತ್ತಾರೆ.

ನಾನು ತಂದ ಸುದ್ದಿಯನ್ನು ಕಿರಿದಾದ ಸಂದಿಯೊಂದರ ಆಚೆ ಸಂಪರ್ಕ ನರಕೋಶ ಸ್ವೀಕರಿಸಿ, ಚಾಲಕ ನರಕೋಶಕ್ಕೆ ಒಪ್ಪಿಸುತ್ತದೆ. ಆ ಚಾಲಕನಿಗೆ ಸುತ್ತಲೂ ಡೆಂಡ್ರೈಟುಗಳೆಂಬ ಕೊಂಬೆಗಳು. ಸ್ನಾಯುವಿನವರೆಗೆ ಆಕ್ಸಾನ್ ಎಂಬ ಉದ್ದನೆಯ ಬಾಲ. ಅವನು ಅಪ್ಪಣೆ ಕೊಟ್ಟೊಡನೆ ಕೈ ಹಿಂದೆ ಸರಿಯುತ್ತದೆ. ಮಗು ಸಂಗವ್ವ ಒಲೆಯನ್ನು ಮುಟ್ಟಿದಾಗ ಅವಳ ಅಳುವಿಗಿಂತ ಮೊದಲೇ ಕೈಯನ್ನು ಉಳಿಸಿದವರು ನಾವು.

ಬೆಳೆದ ಸಂಗವ್ವ ಗದಗಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ಕುಳಿತಳು. ಕಾದ ಹಂಚಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವುವುದೇ ಅಲ್ಲಿ ಹೆಚ್ಚುಗಾರಿಕೆ. ಇಕ್ಕಳ ಹಿಡಿದವಳು ನಗೆಪಾಟಲು. ನಾನು ಕೂಗುತ್ತಿದ್ದೆ, ಅವಳು ಹಲ್ಲುಕಚ್ಚುತ್ತಿದ್ದಳು.

ಒಂದು ವರ್ಷ ಮೊಣಕೈಯ ಬಳಿ ನನ್ನ ಹೊದಿಕೆಯೊಳಗೆ ಯಾರೋ ಹೊಕ್ಕು ಮನೆ ಮಾಡಿದರು. ಸುದ್ದಿ ತಡವಾಯಿತು, ಕಲಸಿಹೋಯಿತು, ಕಡೆಗೆ ನಿಂತೇಹೋಯಿತು. ಒಲೆ ಆರಿತೆ? ಬೆರಳೇ ಇಲ್ಲವಾಯಿತೆ? ನಾನೇ ಸತ್ತೆನೆ? ಒಂದೂ ತಿಳಿಯಲಿಲ್ಲ. ಖಾನಾವಳಿಯ ಒಡೆಯ ಶಂಕ್ರೆಪ್ಪ ಮಾತ್ರ ಗಿರಾಕಿಗಳ ಮುಂದೆ ಹಿಗ್ಗುತ್ತಿದ್ದ: “ನಮ್ಮ ಸಂಗವ್ವನ ಕೈಗೆ ಬೆಂಕೀನೂ ಅಂಜತೈತ್ರೀ!” ನನ್ನ ಬಂಧುಗಳಾದ ಕಿವಿಯ ನರಕೋಶಗಳು ಈ ಹೊಗಳಿಕೆಯನ್ನು ಒಯ್ದವು, ಅವಳೂ ಹಿಗ್ಗಿದಳು. ನನಗೆ ಮೈಯುರಿಯಿತು. ನೋವು ತಿಳಿಯದಿರುವುದನ್ನು ಶೌರ್ಯವೆಂದು ಹಾಡಿಹೊಗಳುವವರಿಗೆ ನಾಚಿಕೆಯಾಗಬೇಡವೆ?

ಒಂದು ಮಧ್ಯಾಹ್ನ ಪಕ್ಕದ ಒಲೆಯ ದ್ಯಾಮವ್ವ ಮೂಗರಳಿಸಿದಳು. “ಸಂಗಕ್ಕಾ, ಏನೋ ಸೀದ ವಾಸ್ನಿ ಬರಾಕತ್ತೈತಲ್ಲ!”

“ನಿನ್ನ ರೊಟ್ಟೀನ ಇರಬೇಕು ನೋಡು, ಮಾತಿನಾಗ ಮೈ ಮರೀತಿ.”

“ಅಯ್ಯ, ನಿನ್ನ ಬೆರಳಬೇ! ಹಂಚಿಗೆ ಹತ್ತೇತಿ!”

ದ್ಯಾಮವ್ವನೇ ಅವಳ ಕೈಯನ್ನು ಕಿತ್ತೆಳೆದಳು. ದವಾಖಾನೆಯಲ್ಲಿ ಡಾಕ್ಟರು ಮೊಣಕೈಯ ಹಿಂದೆ ದಪ್ಪಗಾದ ನರವನ್ನು ಒತ್ತಿ ನೋಡಿ, ತೋಳಿನ ಬಿಳಿಚಿದ ಮಚ್ಚೆಯನ್ನು ಪರೀಕ್ಷಿಸಿ ಕುಷ್ಠವೆಂದರು. ಗುಳಿಗೆ ನುಂಗಿದರೆ ಗುಣವಾಗುತ್ತದೆ. ಗುಳಿಗೆ ಶುರುವಾದ ಮೇಲೆ ಯಾರಿಗೂ ಅಂಟುವುದಿಲ್ಲ. ಬಿಟ್ಟರೆ ಬೆರಳುಗಳು ಮಡಚಿಹೋಗುತ್ತವೆ ಎಂದರು.

ನಿನ್ನೆ ಹೊಗಳಿದ ಬಾಯಿ ಇಂದು ತಿರುಗಿತು. “ಒಲಿ ಮುಂದ ಕುಂದ್ರಬ್ಯಾಡವಾ. ಗಿರಾಕಿ ಬರಬೇಕಲ್ಲ?” ಎಂದ ಶಂಕ್ರೆಪ್ಪ.

ದ್ಯಾಮವ್ವ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. “ಹಂಗಾರ ನಾನೂ ಕುಂದ್ರಾಂಗಿಲ್ಲ. ಡಾಕ್ಟರು ಅಂಟೂದಿಲ್ಲ ಅಂದಾರ. ನೀವ ಬಡೀರಿ ರೊಟ್ಟಿ, ಯಜಮಾನ್ರ.”

ಊಟದ ಹೊತ್ತಾಗಿತ್ತು, ಪಂಕ್ತಿ ಕಾಯುತ್ತಿತ್ತು. ಅವನಿಗೆ ಬುದ್ಧಿ ಬಂದದ್ದು ನ್ಯಾಯದಿಂದಲ್ಲ, ಹಸಿದ ಗಿರಾಕಿಗಳಿಂದ. ಸಂಗವ್ವ ಇಕ್ಕಳ ಹಿಡಿದು ಕುಳಿತಳು. ನನ್ನ ಕೆಲಸವನ್ನು ಕಣ್ಣಿನ ನರಕೋಶಗಳು ವಹಿಸಿಕೊಂಡವು.

ಗುಳಿಗೆಗಳು ಮುಗಿದವು. ನನ್ನ ಹೊದಿಕೆಯೊಳಗೆ ಹೊಕ್ಕಿದ್ದ ಕುಷ್ಠದ ರೋಗಾಣುಗಳು ಅಳಿದವು. ನಾನೀಗ ಮುದುಕ, ಸವೆದ ಎಳೆಯನ್ನು ಇಂಚಿಂಚಾಗಿ ಬೆರಳಿನತ್ತ ಚಾಚುತ್ತಿದ್ದೇನೆ, ಮುಟ್ಟಿದೆನೋ ಇಲ್ಲವೋ ಅರಿಯೆ. ಮೊನ್ನೆ ಏನೋ ತಗುಲಿದಂತಾಯಿತು. ಬಿಸಿಯೋ ತಂಪೋ ಗೊತ್ತಾಗದೆ, ತೋಚಿದ್ದನ್ನು ಕಳುಹಿಸಿಬಿಟ್ಟೆ.

“ಅಯ್ಯವ್ವ, ಸುಡ್ತು!” ಸಂಗವ್ವ ಕೈ ಕೊಡವಿದಳು.

ದ್ಯಾಮವ್ವ ಬಿದ್ದುಬಿದ್ದು ನಕ್ಕಳು. “ಯಕ್ಕಾ, ಅದು ತಣ್ಣೀರಬೇ!”

ಸುಳ್ಳು ಸುದ್ದಿ ಕೊಟ್ಟೆನಲ್ಲಾ ಎಂದು ನಾನು ಕುಗ್ಗಿದೆ. ಸಂಗವ್ವ ನಗಲಿಲ್ಲ, ಬೈಯಲೂ ಇಲ್ಲ. ಕಿರುಬೆರಳನ್ನು ಮೆಲ್ಲನೆ ಅದೇ ನೀರಿಗೆ ಮತ್ತೆ ಇಳಿಸಿದಳು.