ಶನಿವಾರದ ಸಹಿ

"ಗುರುವಾರದ ಸಾಲು ತೋರಿಸಿ ಬಂದ್ಬಿಡು, ಅಷ್ಟೇ," ಮೇಷ್ಟ್ರು ರಿಜಿಸ್ಟರನ್ನು ಅವಳ ಕೈಗಿಟ್ಟರು. "ನಿಂಗೂ ಮಾತು ಬರಲ್ಲ, ವಿಚಾರಣೆಯವರಿಗೂ ಪುರುಸೊತ್ತಿಲ್ಲ."

ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಯಿತು. ಅವಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಒಂದು ಗುರುವಾರ ವಿಷದ ಹೊಗೆ ಕುಡಿದು ಅಕ್ಕ ತೀರಿಹೋಗಿ ಆರು ವಾರವಾಗಿತ್ತು. ಒಡಹುಟ್ಟಿದ ಅಕ್ಕನಲ್ಲ, ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನವಳು. ಇವಳಿಗೆ 'ಮೌನಗೌರಿ' ಅಂತ ಹೆಸರಿಟ್ಟವಳು.

ವಿಷದ ಹೊಗೆಯನ್ನು ಹೊರಗೆಳೆಯುವ ಗಾಜಿನ ಗೂಡಿನ ಬಾಯಿಗೆ ತೆಳು ಕಾಗದದ ಪಟ್ಟಿಯೊಂದನ್ನು ಅಂಟಿಸಿದ್ದರು. ಫ್ಯಾನ್ ಎಳೆಯುತ್ತಿದ್ದರೆ ಪಟ್ಟಿ ಒಳಕ್ಕೆ ಬಾಗಬೇಕು. ಎಲ್ಲರಿಗಿಂತ ಕಿರಿಯರು ದಿನಾ ಬೆಳಿಗ್ಗೆ ಅದನ್ನು ನೋಡಿ, 'ಸರಿ ಇದೆ' ಎಂದು ಬರೆದು ಸಹಿ ಹಾಕಬೇಕು. ಅದು ನಿಯಮ. ರೂಢಿ ಬೇರೆ: ಸೋಮವಾರವೇ ಆರು ದಿನದ್ದನ್ನೂ ಗೀಚುವುದು. ಕಲಿಸಿದವಳು ಅಕ್ಕನೇ. "ನಾವು ಏನು ಬರೆದ್ರೂ ಯಾರು ಓದ್ತಾರೆ ಮಾರಾಯ್ತಿ? ಫ್ಯಾನ್ ರಿಪೇರಿಗೆ ಮೂರು ಅರ್ಜಿ ಕೊಟ್ಟೆ, ಒಂದಕ್ಕೂ ಉಸಿರಿಲ್ಲ."

ವಿಚಾರಣೆಯ ಕೋಣೆಯಲ್ಲಿ ಮೂವರು ಹಿರಿಯರಿದ್ದರು. ಮೂಲೆಯ ಕುರ್ಚಿಯಲ್ಲಿ ಅಕ್ಕನ ಅಮ್ಮ, ಮಡಿಲಲ್ಲಿ ಚೀಲ.

"ಗೂಡು ಸರಿಯಿತ್ತು. ಹುಡುಗೀನೇ ಎಚ್ಚರ ವಹಿಸಿಲ್ಲ," ಅಧ್ಯಕ್ಷರು ಕನ್ನಡಕ ಏರಿಸಿದರು. "ಹಾಗಂತ ಬರ್ಕೊಳ್ಳೋಣ."

"ನನ್ನ ಮಗಳು ಹಾಲುಕ್ಕದ ಹಾಗೆ ಒಲೆ ಮುಂದೇನೇ ನಿಲ್ತಿದ್ಲು ಸ್ವಾಮಿ," ಎಂದರು ಅಮ್ಮ. ಅಧ್ಯಕ್ಷರು ರಿಜಿಸ್ಟರಿನತ್ತ ಬೆರಳು ತೋರಿಸಿದರು.

ಅವಳು ಪುಟ ಬಿಡಿಸಿದಳು. ಗುರುವಾರ: ಸರಿ ಇದೆ. ಕಣ್ಣು ಕೆಳಗಿಳಿಯಿತು. ಶುಕ್ರವಾರ: ಸರಿ ಇದೆ. ಶನಿವಾರ: ಸರಿ ಇದೆ. ಮೂರೂ ತನ್ನದೇ ದುಂಡು ಅಕ್ಷರ. ಹಿಂದೆಯೇ ಬಂದು ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಪೆನ್ನು ತಿರುಗಿಸುತ್ತಿದ್ದರು. ತನ್ನ ಪ್ರಬಂಧಕ್ಕೆ ಸಹಿ ಹಾಕಬೇಕಾದ ಪೆನ್ನು. ಹಿಂದೆ ಮತ್ತೆ ಕೆಮ್ಮು. ಈ ಸಲ ಅವಳು ತಿರುಗಲಿಲ್ಲ.

"ಸರ್, ಶನಿವಾರದ್ದು ನೋಡಿ."

"ಸರಿ ಇದೆ ಅಂತಿದೆಯಲ್ಲಮ್ಮ."

"ಗುರುವಾರ ಸಂಜೇನೇ ಬಾಗಿಲಿಗೆ ಸೀಲ್ ಹಾಕಿದ್ರು. ಒಳಗೆ ಯಾರೂ ಹೋಗಿಲ್ಲ. ಎಲ್ಲಾ ಸೋಮವಾರ ಬರೆದಿದ್ದು, ನಾನೇ."

"ಗರ ಬಡೀತೇನೇ ನಿಂಗೆ?" ಮೇಷ್ಟ್ರು ಅರ್ಧ ಎದ್ದರು.

ಅಧ್ಯಕ್ಷರು ಕೈಯೆತ್ತಿ ತಡೆದರು. "ಗುರುವಾರ ಕಾಗದ ಬಾಗಿತ್ತಾ?"

"ನಾನು ನೋಡ್ಲೇ ಇಲ್ಲ ಸರ್."

ಎಲ್ಲರೂ ಮೆಟ್ಟಿಲಿಳಿದು ಪ್ರಯೋಗಾಲಯಕ್ಕೆ ಹೋದರು. ಅಟೆಂಡರ್ ಸೀಲ್ ಒಡೆದು ಸ್ವಿಚ್ ಒತ್ತಿದ. ಫ್ಯಾನ್ ಕೋಣೆ ತುಂಬ ಮೊರೆಯಿತು. ಗೋಡೆಯ ಮೊಳೆಯಲ್ಲಿ ಅಕ್ಕನ ಬಿಳಿ ಕೋಟು, ತೋಳು ಇನ್ನೂ ಮೊಣಕೈವರೆಗೆ ಮಡಚಿಕೊಂಡೇ ಇತ್ತು. ಕಾಗದದ ಪಟ್ಟಿ ನೆಟ್ಟಗೆ ನಿಂತಿತ್ತು.

ಅಮ್ಮ ಹತ್ತಿರ ಹೋಗಿ ಬಗ್ಗಿ ನೋಡಿದರು. ಅವರ ಉಸಿರು ತಾಗಿ ಪಟ್ಟಿ ಒಮ್ಮೆ ಅಲುಗಿತು. ಆಮೇಲೆ ಮತ್ತೆ ನೆಟ್ಟಗಾಯಿತು.